ಅಶಕ್ತರ ವೇತನಕ್ಕೆ ಕತ್ತರಿ

ಇಂಗ್ಲೆಂಡಿನ ಪಾರ್ಲಿಮೆಂಟಿನಲ್ಲಿ 2025ನೆಯ ಇಸವಿ ಜುಲೈ 1ನೆಯ ತಾರೀಖು ನಡೆದ ಸಂಗತಿಯನ್ನು ನಮ್ಮ ವಾಚಕರಲ್ಲಿ ಅನೇಕರು ಓದಿ ಮರೆತಿರಬಹುದು. ರೋಗಿಗಳಿಗೂ ಅಂಗವಿಕಲರಿಗೂ ಸರಕಾರದಿಂದ ಸಲ್ಲುವ ವೇತನಗಳನ್ನು ತಗ್ಗಿಸುವ ಮಸೂದೆಯೊಂದು ಆ ದಿನ ಎರಡನೆಯ ವಾಚನಕ್ಕೆ ಬಂದಿತ್ತು. ಸಭೆಯಲ್ಲಿ ಚರ್ಚೆ ನಡೆಯುತ್ತಿದ್ದಂತೆಯೇ, ಮತ ಎಣಿಸುವುದಕ್ಕೆ ಕೆಲವು ಗಳಿಗೆಗಳು ಮಾತ್ರ ಉಳಿದಿರುವಾಗ, ಮಂತ್ರಿ ಸರ್ ಸ್ಟೀಫನ್ ಟಿಮ್ಸ್ ಅವರು ಎದ್ದುನಿಂತು, ಮಸೂದೆಯ ಅತಿ ಮುಖ್ಯವಾದ ಕಲಮನ್ನು ಸರಕಾರವು ಹಿಂದಕ್ಕೆ ತೆಗೆದುಕೊಳ್ಳುವುದೆಂದು ಪ್ರಕಟಿಸಿದರು. ಹೀಗೆ ರುಂಡ ಹೋಗಿ ಮುಂಡ ಮಾತ್ರ ಉಳಿದ ಮಸೂದೆಗೆ ಪರವಾಗಿ 335 ಮತಗಳೂ ವಿರೋಧವಾಗಿ 260 ಮತಗಳೂ ಬಿದ್ದವು. ವಿರೋಧಿಸಿದವರಲ್ಲಿ 49 ಮಂದಿ ಸರಕಾರದ ಸ್ವಂತ ಪಕ್ಷದವರು. ಸರಕಾರಕ್ಕೆ ಮುಖಭಂಗವಾಯಿತೆಂದು ಎಲ್ಲರೂ ಆಡಿಕೊಂಡರು. ಅಶಕ್ತರಿಗೆ ಜಯವಾಯಿತೆಂದು ನಂಬಿದವರೂ ಉಂಟು. ಮುಖಭಂಗವಾದದ್ದು ನಿಜ. ಆದರೆ ಜಯವು ಯಾರಿಗೆ, ಎಷ್ಟರಮಟ್ಟಿಗೆ ಎಂಬುದನ್ನು ವಿಚಾರಮಾಡಿ ನೋಡುವುದು ಅವಶ್ಯವಾಗಿದೆ.

ಇಂಗ್ಲೆಂಡಿನ ರೋಗಿಗಳ ಗೋಳು ಹುಬ್ಬಳ್ಳಿ ಮೈಸೂರುಗಳ ನಾಗರಿಕರಿಗೆ ಏತಕ್ಕೆ ಎಂದು ಕೇಳುವವರು ಇರಬಹುದು. ದುಡಿಯಲಾರದವನಿಗೆ ಅನ್ನವಿಡುವ ಭಾರವು ಯಾರದು ಎಂಬ ಪ್ರಶ್ನೆಗೆ ದೇಶ ದೇಶಗಳೆಂಬ ಭೇದವಿಲ್ಲ. ಭಿಕ್ಷೆಯಾಗಿದ್ದದ್ದನ್ನು ಹಕ್ಕೆಂದು ಕಾನೂನಿನ ಪುಸ್ತಕದಲ್ಲಿ ಬರೆದ ರಾಜ್ಯಗಳಲ್ಲಿ ಇಂಗ್ಲೆಂಡು ಮುಂದಿನ ಸಾಲಿನದು. 1911ರಲ್ಲಿ ಲಾಯ್ಡ್ ಜಾರ್ಜರು ಕೂಲಿಕಾರರಿಗೆ ರೋಗದ ವಿಮೆಯನ್ನು ಏರ್ಪಡಿಸಿದರು. 1942ರಲ್ಲಿ, ಮಹಾಯುದ್ಧದ ನಡುವೆ, ಸರ್ ವಿಲಿಯಂ ಬೆವರಿಜ್ ಅವರು ದಾರಿದ್ರ್ಯ, ರೋಗ, ಅಜ್ಞಾನ, ಕೊಳಕು, ನಿರುದ್ಯೋಗ ಎಂಬ ಐದು ರಾಕ್ಷಸರನ್ನು ಹೆಸರಿಸಿ ತಮ್ಮ ವರದಿಯನ್ನು ಒಪ್ಪಿಸಿದರು. ಅದರ ಮೇಲಿಂದ ಕಟ್ಟಿದ ವಿಮೆಯ ಕಾನೂನನ್ನು ಅಟ್ಲಿಯವರ ಮಜೂರ ಸರಕಾರವು 1948ನೆಯ ಜುಲೈ 5ರಿಂದ ಜಾರಿಗೆ ತಂದಿತು. ಈಗ ಅದೇ ಮಜೂರ ಪಕ್ಷದ ಸರಕಾರವೇ ಕತ್ತರಿಯನ್ನು ಕೈಗೆತ್ತಿಕೊಂಡಿತೆಂದರೆ, ಆ ಹಕ್ಕನ್ನು ಇನ್ನೂ ಪೂರ್ತಿಯಾಗಿ ಬರೆದುಕೊಳ್ಳದಿರುವ ನಮ್ಮಂಥವರು ಕಣ್ಣಿಟ್ಟು ನೋಡತಕ್ಕ ಮಾತೇ ಸರಿ.

ವಾದವು ತಿಳಿಯಬೇಕಾದರೆ ಎರಡು ವೇತನಗಳ ಗುರುತು ಇರಬೇಕು. ಮೊದಲನೆಯದಕ್ಕೆ ಅಲ್ಲಿಯವರು ಪರ್ಸನಲ್ ಇಂಡಿಪೆಂಡೆನ್ಸ್ ಪೇಮೆಂಟ್ ಎನ್ನುತ್ತಾರೆ. ನಾವು ಸ್ವಾವಲಂಬನ ವೇತನವೆನ್ನೋಣ. ಮನುಷ್ಯನು ಕೆಲಸದಲ್ಲಿದ್ದರೂ ಸರಿ, ಇಲ್ಲದಿದ್ದರೂ ಸರಿ, ಅಂಗವೈಕಲ್ಯದ ದೆಸೆಯಿಂದ ಅವನಿಗೆ ತಗಲುವ ಹೆಚ್ಚಿನ ವೆಚ್ಚಕ್ಕಾಗಿ ಇದು ಸಲ್ಲುತ್ತದೆ. ನಿತ್ಯಜೀವನದ ಭಾಗಕ್ಕೆ 2025ರ ಏಪ್ರಿಲಿನಿಂದ ಸಾಮಾನ್ಯ ದರ ವಾರಕ್ಕೆ 73.90 ಪೌಂಡು, ಹೆಚ್ಚಿನ ದರ 110.40 ಪೌಂಡು ಇತ್ತು. ಎರಡನೆಯದು, ಆದಾಯವಿಲ್ಲದವರಿಗೂ ಕಡಮೆ ಆದಾಯದವರಿಗೂ ಕೊಡುವ ಯೂನಿವರ್ಸಲ್ ಕ್ರೆಡಿಟ್ ಎಂಬ ಸಹಾಯಧನದ ಮೇಲೆ ರೋಗಿಗಳಿಗೆಂದು ಕೂಡಿಸಿ ಕೊಡುವ ಅನಾರೋಗ್ಯ ಭತ್ಯೆ. ಒಬ್ಬಂಟಿಗನಾದ ನಿರುದ್ಯೋಗಿಗೆ ಮೂಲ ಸಹಾಯವು 2025ರಲ್ಲಿ ವಾರಕ್ಕೆ ಸುಮಾರು 92 ಪೌಂಡು ಇತ್ತು. ಕೆಲಸ ಮಾಡಲಾರನೆಂದು ಪರೀಕ್ಷೆಯಲ್ಲಿ ತೀರ್ಮಾನವಾದವನಿಗೆ ಅದರ ಮೇಲೆ ಸುಮಾರು 97 ಪೌಂಡು ಸಲ್ಲುತ್ತಿತ್ತು. 2025ರ ಮಾರ್ಚಿ 18ರಂದು ಆಗಿನ ಮಂತ್ರಿ ಶ್ರೀಮತಿ ಲಿಜ್ ಕೆಂಡಲ್ ಅವರು ಮುಂದಿಟ್ಟ ಯೋಜನೆಯು ಈ ಎರಡರ ಮೇಲೂ ಕೈಯಿಟ್ಟಿತು.

ಸ್ವಾವಲಂಬನ ವೇತನವನ್ನು ಅಂಕಗಳಿಂದ ತೂಗುತ್ತಾರೆ. ಅಡಿಗೆ ಮಾಡಿಕೊಳ್ಳುವುದು, ಸ್ನಾನ, ಉಡುಪು, ಶೌಚ, ಔಷಧಿ, ಜನರೊಡನೆ ವ್ಯವಹಾರ ಮೊದಲಾದ ಹತ್ತು ಕಾರ್ಯಗಳಲ್ಲಿ ಒಂದೊಂದಕ್ಕೆ ಇಷ್ಟಿಷ್ಟೆಂದು ಅಂಕವಿದೆ. ಒಟ್ಟು 8 ಅಂಕ ಬಂದವನಿಗೆ ಸಾಮಾನ್ಯ ದರ, 12 ಬಂದವನಿಗೆ ಹೆಚ್ಚಿನ ದರ. ಹೊಸ ಯೋಜನೆಯಂತೆ, 2026ರ ನವಂಬರಿನಿಂದ ಮೊತ್ತ ಎಷ್ಟೇ ಆದರೂ ಸಾಲದು. ಯಾವುದಾದರೂ ಒಂದು ಕಾರ್ಯದಲ್ಲಿಯೇ 4 ಅಂಕ ಬಂದಿರಬೇಕು. ಕೇಳುವುದಕ್ಕೆ ಇದು ಸಣ್ಣ ತಿದ್ದುಪಡಿ. ಅದರ ಅರ್ಥವೇನೆಂದು ತಿಳಿಯಲು ಸ್ನಾನದ ಕಲಮನ್ನು ಓದಬೇಕು. ಸೊಂಟದ ಕೆಳಗಿನ ಮೈಯನ್ನು ತೊಳೆದುಕೊಳ್ಳಲು ಇನ್ನೊಬ್ಬರ ನೆರವು ಬೇಕಾದವನಿಗೆ 2 ಅಂಕ. ಭುಜದಿಂದ ಸೊಂಟದವರೆಗಿನ ಮೈಯನ್ನು ತೊಳೆಯಲು ನೆರವು ಬೇಕಾದವನಿಗೆ 4 ಅಂಕ. ಬಗ್ಗಲಾರದ ಮುದುಕಿಯೊಬ್ಬಳು ತನ್ನ ಕಾಲು ತೊಡೆಗಳನ್ನು ಮಗಳಿಂದ ತೊಳೆಯಿಸಿಕೊಳ್ಳುವಳಾದರೆ ಅದು ಅಷ್ಟೇನೂ ದೊಡ್ಡ ಅಶಕ್ತತೆಯಲ್ಲ; ಬೆನ್ನನ್ನು ತೊಳೆಯಿಸಿಕೊಂಡರೆ ಮಾತ್ರ ಅಶಕ್ತತೆ! ಮಾನವಂತರಾದ ಯಾರನ್ನು ಕೇಳಿದರೂ ಇವೆರಡರಲ್ಲಿ ಯಾವುದು ಹೆಚ್ಚು ಸಂಕೋಚದ, ಹೆಚ್ಚು ಪರಾಧೀನತೆಯ ಸ್ಥಿತಿಯೆಂಬುದನ್ನು ಹೇಳಬಲ್ಲರು.

ಇನ್ನೊಬ್ಬನನ್ನು ನೋಡೋಣ. ಸಂಧಿವಾತದಿಂದ ಕೈಬೆರಳುಗಳು ಮಡಿಚಿಹೋದವನು. ಅಡಿಗೆಗೆ ಅವನಿಗೆ ವಿಶೇಷ ಸಲಕರಣೆ ಬೇಕು, ಅದಕ್ಕೆ 2 ಅಂಕ. ಸ್ನಾನಕ್ಕೆ ಹಿಡಿಕೆ ಬೇಕು, 2. ಶೌಚಕ್ಕೆ ಸಾಧನ ಬೇಕು, 2. ಉಡಲು ತೊಡಲು ಸಾಧನ ಬೇಕು, 2. ಒಟ್ಟು 8. ಬೆಳಗಿನಿಂದ ರಾತ್ರಿಯವರೆಗೆ ಪ್ರತಿಯೊಂದು ಕೆಲಸದಲ್ಲಿಯೂ ತೊಡಕುಪಡುವ ಈ ಮನುಷ್ಯನು ಹಳೆಯ ಲೆಕ್ಕದಲ್ಲಿ ವೇತನಕ್ಕೆ ಅರ್ಹನು, ಹೊಸ ಲೆಕ್ಕದಲ್ಲಿ ಸೊನ್ನೆ. ಸಾಮಾನ್ಯ ದರವನ್ನು ಪಡೆಯುತ್ತಿದ್ದವರಲ್ಲಿ ನೂರಕ್ಕೆ 87 ಮಂದಿಗೆ ಯಾವ ಒಂದು ಕಾರ್ಯದಲ್ಲಿಯೂ 4 ಅಂಕ ಬಂದಿರಲಿಲ್ಲವೆಂದು ಇಲಾಖೆಯ ಅಂಕಿಗಳೇ ಹೇಳಿದವು. ಅವನು ವೇತನ ಕಳೆದುಕೊಂಡರೆ, ಅವನ ಶುಶ್ರೂಷೆಗಾಗಿ ತನ್ನ ಉದ್ಯೋಗವನ್ನು ಬಿಟ್ಟ ಹೆಂಡತಿಗೆ 2025ರಲ್ಲಿ ಸಲ್ಲುತ್ತಿದ್ದ ವಾರಕ್ಕೆ 83.30 ಪೌಂಡಿನ ಪರಿಚಾರಕ ಭತ್ಯೆಯೂ ಅದರ ಹಿಂದೆಯೇ ಹೋಗುತ್ತಿತ್ತು. ಒಂದು ಕಂಬವನ್ನು ಕಿತ್ತರೆ ತೊಲೆಯೂ ಬೀಳುವ ಹಾಗೆ. ಅಂಕ ಹಾಕುವವರಾದರೂ ರೋಗಿಯನ್ನು ವರ್ಷಗಟ್ಟಲೆ ಬಲ್ಲ ವೈದ್ಯರಲ್ಲ, ಗುತ್ತಿಗೆ ಹಿಡಿದ ಖಾಸಗಿ ಕಂಪನಿಗಳ ಪರೀಕ್ಷಕರು. ಅನೇಕ ವೇಳೆ ಟೆಲಿಫೋನಿನ ಮೇಲೆಯೇ ಪರೀಕ್ಷೆ ಮುಗಿಯುತ್ತದೆ. ನ್ಯಾಯಮಂಡಲಿಯ ಮುಂದೆ ವಿಚಾರಣೆಗೆ ಬಂದ ಅಪೀಲುಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಅರ್ಜಿದಾರರ ಕಡೆಗೇ ತೀರ್ಪಾಗುತ್ತ ಬಂದಿವೆಯೆಂದ ಮೇಲೆ ಆ ಪರೀಕ್ಷೆಯ ಯೋಗ್ಯತೆಯನ್ನು ನಾವು ಬೇರೆ ವಿವರಿಸಬೇಕಾಗಿಲ್ಲ. ಕಚೇರಿಗಳಲ್ಲಿ ಕುಳಿತು ನಮೂನೆಗಳನ್ನು ತುಂಬಿಸುವ ನಮ್ಮ ಅಧಿಕಾರಿ ಮಿತ್ರರು ಇದನ್ನು ಸ್ವಲ್ಪ ಮನಸ್ಸಿನಲ್ಲಿಡುವುದು ಒಳ್ಳೆಯದು.

ಈ ನಾಲ್ಕು ಅಂಕದ ನಿಯಮವು ಎಲ್ಲಿಂದ ಬಂತು? ಯಾವ ವೈದ್ಯಶಾಸ್ತ್ರದಿಂದಲೂ ಅಲ್ಲ. ಅರ್ಥಸಚಿವೆಯಾಗಿದ್ದ ಶ್ರೀಮತಿ ರೇಚಲ್ ರೀವ್ಸ್ ಅವರು ರಾಜ್ಯದ ದೈನಂದಿನ ವೆಚ್ಚವು ಆದಾಯವನ್ನು ಮೀರದಂತೆ ನೋಡಿಕೊಳ್ಳುವೆನೆಂದು ಕಟ್ಟುಮಾಡಿಕೊಂಡಿದ್ದರು. 2024ರ ಅಕ್ಟೋಬರಿನ ಆಯವ್ಯಯದಲ್ಲಿ ಆ ಕಟ್ಟಿಗೆ 990 ಕೋಟಿ ಪೌಂಡಿನಷ್ಟು ಸಡಿಲವನ್ನು ಇಟ್ಟುಕೊಂಡಿದ್ದರು. ಬಡ್ಡಿಯ ದರಗಳು ಏರಿ, ವ್ಯಾಪಾರ ಕುಗ್ಗಿ, ಆ ಸಡಿಲವೆಲ್ಲ ಕರಗಿಹೋಯಿತು. ಮಾರ್ಚಿ 18ರ ಯೋಜನೆಯಿಂದ 500 ಕೋಟಿ ಪೌಂಡು ಉಳಿಯುವುದೆಂದು ಮೊದಲು ಹೇಳಿದರು; ಲೆಕ್ಕವನ್ನು ಪರೀಕ್ಷಿಸುವ ಸ್ವತಂತ್ರ ಕಚೇರಿಯವರು ಅಷ್ಟು ಉಳಿಯದೆಂದರು. ಕೂಡಲೇ, ಎಂಟೇ ದಿನಗಳೊಳಗೆ, ಮಾರ್ಚಿ 26ರ ಹೇಳಿಕೆಯಲ್ಲಿ ಹೊಸ ರೋಗಿಗಳ ಅನಾರೋಗ್ಯ ಭತ್ಯೆಯನ್ನು ಅರ್ಧಕ್ಕೆ ಇಳಿಸಿದ್ದು ಸಾಲದೆಂದು, ದಶಕದ ಕೊನೆಯವರೆಗೆ ಅದು ಅಲ್ಲಿಯೇ ನಿಲ್ಲತಕ್ಕದ್ದೆಂದು ಕೂಡಿಸಿದರು. ಉಳಿತಾಯವು 480 ಕೋಟಿಗೆ ಮುಟ್ಟಿತು. ಸಡಿಲವು ಎಷ್ಟಾಯಿತೆಂದು ವಾಚಕರು ಊಹಿಸಬಲ್ಲರು: ಮತ್ತೆ 990 ಕೋಟಿ. ಎಂಟು ದಿನಗಳಲ್ಲಿ ಇಂಗ್ಲೆಂಡಿನ ರೋಗಿಗಳ ನೋವು ಅಷ್ಟು ಕಡಮೆಯಾಯಿತೆಂದು ಯಾರೂ ಹೇಳಲಾರರು. ಕಡಮೆಯಾದದ್ದು ಖಜಾನೆಯ ಅಂಕಿ. ಅದಕ್ಕೆ ತಕ್ಕಂತೆ ಅಂಗಿಯನ್ನು ಹೊಲಿಯುವ ಬದಲು ಮೈಯನ್ನೇ ಕತ್ತರಿಸಿದರು.

ಇದರ ಫಲವೇನೆಂಬುದನ್ನು ಸರಕಾರವೇ ಅಚ್ಚುಮಾಡಿಸಿತು. 2029–30ರ ಹೊತ್ತಿಗೆ 2,50,000 ಮಂದಿ ಹೆಚ್ಚಾಗಿ ಬಡತನಕ್ಕೆ ಬೀಳುವರು, ಅವರಲ್ಲಿ 50,000 ಮಕ್ಕಳು. 32 ಲಕ್ಷ ಕುಟುಂಬಗಳಿಗೆ ವರ್ಷಕ್ಕೆ ಸರಾಸರಿ 1,720 ಪೌಂಡಿನ ನಷ್ಟ. ಇದು ವಿರೋಧ ಪಕ್ಷದವರ ಕೂಗಲ್ಲ, ಇಲಾಖೆಯ ವರದಿ. ಇಷ್ಟನ್ನು ತಿಳಿದೂ ಮಸೂದೆಯನ್ನು ಮುಂದಕ್ಕೆ ನೂಕಿದ ಧೈರ್ಯವನ್ನು ಏನೆನ್ನಬೇಕೋ ತಿಳಿಯದು.

ಆದರೂ ಸರಕಾರದ ಕಡೆಯ ಮಾತನ್ನು ಕೇಳದೆ ತೀರ್ಪು ಹೇಳುವುದು ನ್ಯಾಯವಲ್ಲ. ದುಡಿಯುವ ವಯಸ್ಸಿನವರ ರೋಗ ಮತ್ತು ಅಂಗವೈಕಲ್ಯಗಳ ವೇತನವು ದಶಕದ ಕೊನೆಗೆ ವರ್ಷಕ್ಕೆ 7,000 ಕೋಟಿ ಪೌಂಡಿಗೆ ಏರುವುದೆಂದು ಅವರು ಅಂದಾಜುಮಾಡಿದರು. ದೀರ್ಘರೋಗದ ದೆಸೆಯಿಂದ ಕೆಲಸದ ಹೊರಗಿರುವವರು 28 ಲಕ್ಷ. ತರುಣರಲ್ಲಿ ಎಂಟಕ್ಕೆ ಒಬ್ಬರಂತೆ ಓದಿನಲ್ಲಿಯೂ ಇಲ್ಲ, ಕೆಲಸದಲ್ಲಿಯೂ ಇಲ್ಲ. ಮೂಲ ಸಹಾಯವು 92 ಪೌಂಡು, ರೋಗಿಯೆನಿಸಿಕೊಂಡರೆ ಅದರ ಇಮ್ಮಡಿ ಎಂದಾದಾಗ, ಅಲ್ಪಸ್ವಲ್ಪ ದುಡಿಯಬಲ್ಲವನು ಕೂಡ ತಾನು ಏನನ್ನೂ ಮಾಡಲಾರೆನೆಂದು ಸಾಧಿಸುವುದಕ್ಕೇ ತನ್ನ ಶಕ್ತಿಯನ್ನು ವೆಚ್ಚಮಾಡುತ್ತಾನೆ. ಒಮ್ಮೆ ಆ ಮುದ್ರೆ ಬಿದ್ದ ಮೇಲೆ ಅದನ್ನು ಕಳೆದುಕೊಳ್ಳುವ ಭಯದಿಂದ ಕೆಲಸದ ಹತ್ತಿರಕ್ಕೇ ಸುಳಿಯುವುದಿಲ್ಲ. ಈ ಮಾತಿನಲ್ಲಿ ಸತ್ಯವಿದೆಯೆಂದು ನಾವು ಒಪ್ಪುತ್ತೇವೆ. ಮೂಲ ಸಹಾಯವನ್ನು 2029–30ರ ವೇಳೆಗೆ ವಾರಕ್ಕೆ 106 ಪೌಂಡಿಗೆ ಏರಿಸುವ ಏರ್ಪಾಡು ಒಳ್ಳೆಯದೇ. ಕೆಲಸಕ್ಕೆ ಪ್ರಯತ್ನಿಸಿ ನೋಡಿದ ಮಾತ್ರಕ್ಕೆ ರೋಗಿಯನ್ನು ಮರುಪರೀಕ್ಷೆಗೆ ಎಳೆಯಬಾರದೆಂಬ ವಾಗ್ದಾನವೂ ಒಳ್ಳೆಯದೇ. ಆದರೆ ಈ ವಾದವೆಲ್ಲ ಅನಾರೋಗ್ಯ ಭತ್ಯೆಗೆ ಹೊಂದುವ ಮಾತು. ಸ್ವಾವಲಂಬನ ವೇತನವು ಕೆಲಸಕ್ಕೆ ಹೋಗುವವರಿಗೂ ಸಲ್ಲುತ್ತದೆ; ಅನೇಕರು ಆ ಹಣದಿಂದಲೇ ಕೆಲಸಕ್ಕೆ ಹೋಗಿ ಬರುವ ಅನುಕೂಲವನ್ನು ಮಾಡಿಕೊಂಡಿದ್ದಾರೆ. ಅದನ್ನು ಕಿತ್ತುಕೊಂಡು ಜನರನ್ನು ಕೆಲಸಕ್ಕೆ ಹಚ್ಚುವೆವೆಂಬುದು ಊರುಗೋಲನ್ನು ಕಸಿದುಕೊಂಡು ನಡೆಯೆಂದು ಹೇಳಿದಂತೆ.

ಅಲ್ಲದೆ ಕತ್ತರಿಯಿಂದ ಹಣ ಉಳಿದೀತೇ ಎಂಬುದಕ್ಕೆ ಇಂಗ್ಲೆಂಡಿನ ಸ್ವಂತ ಅನುಭವವೇ ಇದೆ. ಸ್ವಾವಲಂಬನ ವೇತನವನ್ನು 2013ರಲ್ಲಿ ಜಾರಿಗೆ ತಂದದ್ದೇ ಅದಕ್ಕೆ ಮೊದಲಿದ್ದ ವೇತನದ ವೆಚ್ಚವನ್ನು ನೂರಕ್ಕೆ 20ರಷ್ಟು ತಗ್ಗಿಸಬೇಕೆಂದು. ಆರು ವರ್ಷಗಳ ತರುವಾಯ ಸ್ವತಂತ್ರ ಕಚೇರಿಯವರು ಲೆಕ್ಕ ಹಾಕಿದಾಗ, ಹಳೆಯದು ಇದ್ದಿದ್ದರೆ ಆಗುತ್ತಿದ್ದ ವೆಚ್ಚಕ್ಕಿಂತ ನೂರಕ್ಕೆ 15ರಿಂದ 20ರಷ್ಟು ಹೆಚ್ಚೇ ಆಗಿತ್ತು. 2016ರಲ್ಲಿ ಕನ್ಸರ್ವೇಟಿವ್ ಸರಕಾರವು ಉಡುಪು ಶೌಚಗಳ ಸಾಧನಕ್ಕೆ ಕೊಡುವ 2 ಅಂಕವನ್ನು 1ಕ್ಕೆ ಇಳಿಸಲು ಹೋಯಿತು. ಅದೇ ಮಾರ್ಚಿ 18ರಂದು ಆ ಇಲಾಖೆಯ ಮಂತ್ರಿ ಇಯಾನ್ ಡಂಕನ್ ಸ್ಮಿತ್ ಅವರು ರಾಜೀನಾಮೆಯನ್ನಿತ್ತರು. ಮೂರೇ ದಿನಗಳಲ್ಲಿ ಯೋಜನೆ ಕೈಬಿಟ್ಟುಹೋಯಿತು. ಒಂಬತ್ತು ವರ್ಷಗಳಾದ ಮೇಲೆ ಅದೇ ತಾರೀಖಿಗೆ ಮಜೂರ ಪಕ್ಷದವರು ಅದೇ ಹಳ್ಳಕ್ಕೆ ಇಳಿದದ್ದು ವಿಧಿವಿಲಾಸವೆನ್ನಬೇಕು.

ಮಜೂರ ಪಕ್ಷಕ್ಕೆ ಇದಕ್ಕಿಂತಲೂ ಹಳೆಯ ನೆನಪೊಂದು ಇರಬೇಕಾಗಿತ್ತು. ದುಂಡುಮೇಜಿನ ಪರಿಷತ್ತಿನ ಮೂಲಕ ನಮ್ಮ ದೇಶದವರಿಗೆ ಚೆನ್ನಾಗಿ ಪರಿಚಿತರಾದ ರಾಮ್ಸೆ ಮ್ಯಾಕ್‌ಡೊನಾಲ್ಡರ ಮಂತ್ರಿಮಂಡಲವು 1931ರ ಆಗಸ್ಟಿನಲ್ಲಿ ಒಡೆದದ್ದು ಇಂಥದೇ ಕಾರಣದಿಂದ. ಆಗಿನದು ನಿರುದ್ಯೋಗಿಗಳ ಭತ್ಯೆ. ಲಂಡನ್ನಿನ ಸಾಹುಕಾರರ ವಿಶ್ವಾಸವನ್ನು ಉಳಿಸಿಕೊಳ್ಳುವ ಸಲುವಾಗಿ ಅದನ್ನು ನೂರಕ್ಕೆ 10ರಷ್ಟು ತಗ್ಗಿಸಬೇಕೆಂದು ಪ್ರಧಾನಿ, ಆಗದೆಂದು ಅವರ ಸಚಿವರಲ್ಲಿ ಹಲವರು. ಮಂತ್ರಿಮಂಡಲ ಹೋಯಿತು, ಕಡಿತವು ಮಾತ್ರ ಮುಂದೆ ಬಂದ ರಾಷ್ಟ್ರೀಯ ಸರಕಾರದ ಕೈಯಿಂದ ಆಗಿಯೇ ಆಯಿತು.

2025ರಲ್ಲಿ ಹಾಗೆ ಒಡೆಯಲಿಲ್ಲ, ಬಾಗಿತು. ಜೂನ್ ತಿಂಗಳಲ್ಲಿ ಸರಕಾರದ ಚೇತಕರಲ್ಲೊಬ್ಬರಾದ ವಿಕಿ ಫಾಕ್ಸ್‌ಕ್ರಾಫ್ಟ್ ಅವರು ಪದವಿಯನ್ನು ಬಿಟ್ಟರು. ಮೆಗ್ ಹಿಲಿಯರ್ ಅವರು ಸೂಚಿಸಿದ ತಿದ್ದುಪಡಿಗೆ ಮಜೂರ ಪಕ್ಷದ 120ಕ್ಕೂ ಮೇಲ್ಪಟ್ಟ ಸದಸ್ಯರು ಸಹಿಮಾಡಿದರು. ಅಷ್ಟು ದೊಡ್ಡ ಬಹುಮತವುಳ್ಳ ಸರಕಾರವೂ ತತ್ತರಿಸಿತು. ಮೊದಲು, ಈಗಾಗಲೇ ವೇತನ ಪಡೆಯುತ್ತಿರುವವರನ್ನು ಮುಟ್ಟುವುದಿಲ್ಲವೆಂದರು. ಆಗ ಬಡತನಕ್ಕೆ ಬೀಳುವವರ ಅಂದಾಜು 1,50,000ಕ್ಕೆ ಇಳಿಯಿತು. ಅದೂ ಸಾಲದೆಂದು ಕಂಡಾಗ, ಜುಲೈ 1ರಂದು ನಾಲ್ಕು ಅಂಕದ ಕಲಮನ್ನೇ ತೆಗೆದುಹಾಕಿದರು. ಇಷ್ಟಾದ ಮೇಲೆ, ಮೂಲ ಸಹಾಯದ ಏರಿಕೆಯ ಫಲವಾಗಿ 50,000 ಮಂದಿ ಬಡತನದಿಂದ ಮೇಲೆ ಬರುವರೆಂದು ಇಲಾಖೆಯ ಲೆಕ್ಕವು ತಿರುಗಿತು. ಇದನ್ನು ಮುಚ್ಚಿಡುವುದು ಸರಿಯಲ್ಲ. ಪಕ್ಷದ ಶಿಸ್ತಿಗಿಂತ ತಮ್ಮ ಕ್ಷೇತ್ರದ ಅಶಕ್ತರ ಮೋರೆಯನ್ನು ಹೆಚ್ಚಾಗಿ ಎಣಿಸಿದ ಆ ಸದಸ್ಯರನ್ನು ನಾವು ಮನಃಪೂರ್ವಕವಾಗಿ ಅಭಿನಂದಿಸುತ್ತೇವೆ.

ಆದರೆ ಉಳಿದದ್ದೇನು? ಮಸೂದೆಯು ಜುಲೈ 9ರಂದು ಕೆಳಮನೆಯನ್ನು ದಾಟಿ, ಸೆಪ್ಟೆಂಬರ್ 3ರಂದು ರಾಜಸಮ್ಮತಿಯನ್ನು ಪಡೆದು ಕಾನೂನಾಯಿತು. ಅದರಲ್ಲಿ ಅನಾರೋಗ್ಯ ಭತ್ಯೆಯ ಕಡಿತವು ಹಾಗೆಯೇ ಇದೆ. 2026ರ ಏಪ್ರಿಲಿಗೆ ಮೊದಲು ಭತ್ಯೆಯನ್ನು ಪಡೆಯುತ್ತಿದ್ದವರಿಗೆ ಹಳೆಯ ದರ. ಅಲ್ಲಿಂದಾಚೆಗೆ ಬರುವವರಿಗೆ, ಮರಣವು ಹತ್ತಿರವಾದವರನ್ನೂ ಜೀವಮಾನವಿಡೀ ತೀರದ ತೀವ್ರರೋಗಿಗಳನ್ನೂ ಬಿಟ್ಟರೆ, ವಾರಕ್ಕೆ ಸುಮಾರು 50 ಪೌಂಡು. ದಶಕದ ಕೊನೆಗೆ ಹೀಗೆ ಕಡಮೆ ಪಡೆಯುವವರು 7,30,000 ಮಂದಿ, ಒಬ್ಬೊಬ್ಬರಿಗೆ ವರ್ಷಕ್ಕೆ ಸರಾಸರಿ 3,000 ಪೌಂಡಿನ ನಷ್ಟವೆಂದು ಇಲಾಖೆಯ ಅಂದಾಜು.

ಲೀಡ್ಸ್ ಪಟ್ಟಣದ ಒಂದೇ ಬೀದಿಯಲ್ಲಿ ಇಬ್ಬರು ನೆರೆಯವರು ಇರುವರೆಂದು ಭಾವಿಸೋಣ. ಇಬ್ಬರೂ ಒಂದೇ ಗೋದಾಮಿನಲ್ಲಿ ಹೊರೆ ಹೊತ್ತವರು. ಇಬ್ಬರಿಗೂ ಬೆನ್ನುಮೂಳೆ ಒಂದೇ ರೀತಿಯಲ್ಲಿ ಕೆಟ್ಟಿತು. ಇಬ್ಬರೂ ಒಂದೇ ತೆರಿಗೆಯನ್ನು ಕೊಟ್ಟವರು. ಒಬ್ಬನು 2026ರ ಜನವರಿಯಲ್ಲಿ ಹಾಸಿಗೆ ಹಿಡಿದನು, ಇನ್ನೊಬ್ಬನು ಜೂನಿನಲ್ಲಿ. ಮೊದಲನೆಯವನಿಗಿಂತ ಎರಡನೆಯವನಿಗೆ ಹೆಚ್ಚುಕಡಮೆ ಅರ್ಧ ಭತ್ಯೆ. ಅವನು ಮಾಡಿದ ಅಪರಾಧವೆಂದರೆ ಐದು ತಿಂಗಳು ಹೆಚ್ಚಾಗಿ ನೋವನ್ನು ಸಹಿಸಿಕೊಂಡು ದುಡಿದದ್ದು. ರೋಗವು ಪಂಚಾಂಗವನ್ನು ನೋಡಿ ಬರುವುದೇ? ಬಾಡಿಗೆಯವನೂ ದಿನಸಿಯಂಗಡಿಯವನೂ ತಾರೀಖನ್ನು ಕೇಳಿ ಬೆಲೆಯನ್ನು ತಗ್ಗಿಸುವರೇ? ಅವಶ್ಯಕತೆಯನ್ನು ಅಳೆದು ಕೊಡುತ್ತೇವೆಂದು ಹೇಳಿಕೊಳ್ಳುವ ವ್ಯವಸ್ಥೆಯಲ್ಲಿ ಅವಶ್ಯಕತೆಯು ಒಂದೇ ಆಗಿದ್ದು ಕೊಡುವುದು ಬೇರೆಯಾದರೆ, ಆ ಅಳತೆಯೇ ಸುಳ್ಳೆಂದಾಯಿತು. 97 ಪೌಂಡು ಅತಿಯೆಂದಾದರೆ ಹಳಬರಿಗೂ ಅತಿ. 50 ಸಾಲದೆಂದಾದರೆ ಹೊಸಬರಿಗೂ ಸಾಲದು.

ಸರಕಾರವು ಈ ಗೆರೆಯನ್ನು ಇಲ್ಲಿಯೇ ಏಕೆ ಎಳೆಯಿತೆಂಬುದು ರಹಸ್ಯವಲ್ಲ. ಇಂದಿನ ರೋಗಿಗೆ ಬಾಯಿದೆ. ಅವನು ಸದಸ್ಯನಿಗೆ ಕಾಗದ ಬರೆಯುತ್ತಾನೆ, ಗಾಲಿಕುರ್ಚಿಯಲ್ಲಿ ಪಾರ್ಲಿಮೆಂಟಿನ ಬಾಗಿಲಿಗೆ ಬರುತ್ತಾನೆ, ಅವನ ಸಂಘಗಳು ಗದ್ದಲ ಮಾಡುತ್ತವೆ. ನಾಳಿನ ರೋಗಿಗೆ ಸಂಘವಿಲ್ಲ. ತಾನು ರೋಗಿಯಾಗುವೆನೆಂದೇ ಅವನಿಗೆ ತಿಳಿಯದು. ಅವನು ಇಂದು ಗೋದಾಮಿನಲ್ಲಿ ಹೊರೆ ಹೊರುತ್ತ, ಪರರ ಸುದ್ದಿಯೆಂದು ಈ ವಾದವನ್ನು ಓದಿ ಹಾಳೆಯನ್ನು ತಿರುವಿಹಾಕುತ್ತಾನೆ. ಜುಲೈಯಲ್ಲಿ ದಂಗೆಯೆದ್ದ ಸದಸ್ಯರಲ್ಲಿ ಅನೇಕರು, ಹಳಬರನ್ನು ಉಳಿಸಿದೆವೆಂಬ ಸಮಾಧಾನದಿಂದ ಮನೆಗೆ ಹೋದರು. ಹಳಬರ ಪರವಾಗಿ ಅವರು ಗಳಿಸಿದ ರಿಯಾಯಿತಿಯ ಬೆಲೆಯನ್ನು ಹೊಸಬರ ಕೈಯಿಂದ ಸಲ್ಲಿಸಿದಂತಾಯಿತು. ನಮಗೆ ಈ ಕಾನೂನಿನಲ್ಲಿ ಎಲ್ಲಕ್ಕಿಂತ ಹೆಚ್ಚಿನ ಅನ್ಯಾಯವಾಗಿ ಕಾಣುವುದು ಇದೇ.

ತೀವ್ರರೋಗಿಗಳಿಗೆ ವಿನಾಯಿತಿಯುಂಟಲ್ಲವೆ ಎಂದು ಕೇಳಬಹುದು. ಉಂಟು; ಆದರೆ ಅಶಕ್ತತೆಯು ಸತತವಾಗಿ ಇರತಕ್ಕದ್ದೆಂಬ ಮಾತು ಅಲ್ಲಿ ಕುಳಿತಿದೆ. ಪಾರ್ಕಿನ್ಸನ್ ರೋಗ, ಮಲ್ಟಿಪಲ್ ಸ್ಕ್ಲೆರೋಸಿಸ್, ಮನೋರೋಗಗಳು ಇವೆಲ್ಲ ಏರಿಳಿಯುವ ಸ್ವಭಾವದವು. ಸೋಮವಾರ ಮೆಟ್ಟಲು ಹತ್ತಿದವನು ಬುಧವಾರ ಚಮಚವನ್ನು ಹಿಡಿಯಲಾರನು. ಆ ಶಬ್ದವನ್ನು ಪರೀಕ್ಷಕರು ಹೇಗೆ ಓದುವರೆಂಬ ಕಳವಳವನ್ನು ಸಭೆಯಲ್ಲಿ ಸದಸ್ಯರು ತೋಡಿಕೊಂಡರು. ಒಂದು ಕ್ರಿಯಾವಿಶೇಷಣದ ಮೇಲೆ ಮನುಷ್ಯರ ಅನ್ನವು ತೂಗಾಡುವುದು ಕಾನೂನಿನ ಲೋಕದಲ್ಲಿ ಹೊಸದೇನೂ ಅಲ್ಲ.

ಹೊಸಬರ ಭತ್ಯೆಯನ್ನು ದಶಕದ ಕೊನೆಯವರೆಗೆ ನಿಲ್ಲಿಸಿಟ್ಟದ್ದೂ ಒಂದು ಕಡಿತವೇ. ಈ ಬಗೆಯ ಕತ್ತರಿಯು ಸಪ್ಪಳ ಮಾಡುವುದಿಲ್ಲ. ಅಂಕಿ ಅದೇ ಇರುತ್ತದೆ, ಬೆಲೆಗಳು ಏರುತ್ತವೆ. ಇದರ ಪರಿಚಯ ನಮಗೆ ಇಂಗ್ಲೆಂಡಿನಿಂದ ಆಗಬೇಕಾಗಿಲ್ಲ. ನೂರಕ್ಕೆ 80ರಷ್ಟು ಅಂಗವೈಕಲ್ಯವುಳ್ಳ ಬಡವರಿಗಾಗಿ ಭಾರತ ಸರಕಾರವು 2009ರಲ್ಲಿ ಏರ್ಪಡಿಸಿದ ಇಂದಿರಾ ಗಾಂಧಿ ಹೆಸರಿನ ವೇತನದಲ್ಲಿ ಕೇಂದ್ರದ ಪಾಲು 2012ರಲ್ಲಿ ತಿಂಗಳಿಗೆ 300 ರೂಪಾಯಿ ಆಯಿತು. ಹತ್ತು ವರ್ಷಗಳು ಕಳೆದ ಮೇಲೂ ಅದು 300ರಲ್ಲಿಯೇ ನಿಂತಿತ್ತು. ರಾಜ್ಯಗಳು ತಮ್ಮ ಕೈಯಿಂದ ಕೂಡಿಸಿ ಕೊಡುವುದರಿಂದ ಬಡವನ ಉಸಿರು ಹಿಡಿದಿದೆ. ಕಾರ್ಖಾನೆಯ ಕೆಲಸಗಾರರ ಮಟ್ಟಿಗೆ ನಮ್ಮದು ಕೆಟ್ಟ ಏರ್ಪಾಡೇನೂ ಅಲ್ಲ. ಅಡಾರ್ಕರರು 1944ರಲ್ಲಿ ಒಪ್ಪಿಸಿದ ವರದಿಯ ಮೇಲೆ 1948ರಲ್ಲಿಯೇ ರಾಜ್ಯವಿಮೆಯ ಕಾನೂನು ಹುಟ್ಟಿತು; ಅದರಂತೆ ರೋಗಿಯಾದ ವಿಮೆದಾರನಿಗೆ ವರ್ಷದಲ್ಲಿ 91 ದಿನಗಳವರೆಗೆ ಕೂಲಿಯ ನೂರಕ್ಕೆ 70ರಷ್ಟು ಸಲ್ಲುತ್ತದೆ. ಅಂಕಿಯನ್ನು ಕೂಲಿಗೆ ಕಟ್ಟಿದ್ದರಿಂದ ಅದು ಕೂಲಿಯೊಡನೆ ಏರಿತು. ರೂಪಾಯಿಗೆ ಕಟ್ಟಿದ ಬಡವನ ವೇತನವು ಏರಲಿಲ್ಲ. ಕೂಲಿಯ ರಸೀದಿಯಿಲ್ಲದೆ ಹೊಲದಲ್ಲಿಯೂ ಕಟ್ಟಡದ ಮೇಲೂ ದುಡಿಯುವ ನಮ್ಮ ಜನರ ಪಾಲಿಗೆ ಉಳಿದದ್ದು ಆ ಎರಡನೆಯದೇ.

ಇಂಗ್ಲೆಂಡಿನಲ್ಲಿ ನೆಲಸಿ ಅಲ್ಲಿಯ ಆಸ್ಪತ್ರೆಗಳಲ್ಲಿಯೂ ಕಂಪನಿಗಳಲ್ಲಿಯೂ ದುಡಿಯುತ್ತಿರುವ ಕನ್ನಡಿಗರಿಗೂ ಈ ವಿಚಾರದಲ್ಲಿ ಸಂಬಂಧವಿದೆ. ತಾತ್ಕಾಲಿಕ ಪರವಾನಗಿಯ ಮೇಲೆ ಹೋದವರು ಮೊದಲ ದಿನದಿಂದಲೇ ತೆರಿಗೆಯನ್ನು ತೆರುತ್ತಾರೆ. ಸಾರ್ವಜನಿಕ ಧನಕ್ಕೆ ಕೈಯೊಡ್ಡಬಾರದೆಂಬ ನಿಬಂಧನೆಯು ಕಾಯಂ ವಾಸದ ಹಕ್ಕು ಸಿಕ್ಕುವವರೆಗೂ ಅವರ ಮೇಲಿರುತ್ತದೆ. ಅವರು ಅರ್ಜಿ ಹಾಕಲು ಅರ್ಹರಾಗುವ ಹೊತ್ತಿಗೆ ತಾರೀಖಿನ ಗೆರೆಯ ಆಚೆಗೇ ನಿಂತಿರುತ್ತಾರೆಂಬುದನ್ನು ಹೇಳಬೇಕಾಗಿಲ್ಲ.

ಇನ್ನು ನಾಲ್ಕು ಅಂಕದ ಭೂತವು ಸತ್ತಿತೆಂದು ತಿಳಿಯುವ ಹಾಗಿಲ್ಲ. ಕಲಮನ್ನು ತೆಗೆದುಹಾಕುವಾಗ ಸರಕಾರವು, ಸ್ವಾವಲಂಬನ ವೇತನದ ಪರೀಕ್ಷೆಯನ್ನು ಟಿಮ್ಸ್ ಅವರೇ ಅಂಗವಿಕಲರ ಪ್ರತಿನಿಧಿಗಳನ್ನು ಕೂಡಿಸಿಕೊಂಡು ವಿಚಾರಣೆ ಮಾಡತಕ್ಕದ್ದೆಂದೂ, 2026ರ ಶರತ್ಕಾಲಕ್ಕೆ ಅದು ಮುಗಿಯತಕ್ಕದ್ದೆಂದೂ ಗೊತ್ತುಮಾಡಿತು. ಮೊದಲು ಕತ್ತರಿಸಿ ಆಮೇಲೆ ಅಳೆಯುವ ಕ್ರಮಕ್ಕಿಂತ ಇದು ಎಷ್ಟೋ ಮೇಲು. ಆ ವಿಚಾರಣೆಗೆ ಇಷ್ಟು ಕೋಟಿ ಉಳಿಸಿ ಕೊಡಬೇಕೆಂಬ ಗುರಿಯನ್ನು ಮುಂಚಿತವಾಗಿ ಕಟ್ಟಿಕೊಡದಿದ್ದರೆ ಅದರಿಂದ ಒಳ್ಳೆಯದಾಗಬಹುದು. ಕಟ್ಟಿಕೊಟ್ಟರೆ, ಸೊಂಟದ ಮೇಲೆ ಕೆಳಗೆಂಬ ಲೆಕ್ಕವು ಬೇರೊಂದು ವೇಷದಿಂದ ಬರುವುದರಲ್ಲಿ ನಮಗೆ ಸಂದೇಹವಿಲ್ಲ. ಅನಾರೋಗ್ಯ ಭತ್ಯೆಯ ಎರಡು ದರಗಳಾದರೋ ಆ ವಿಚಾರಣೆಗೆ ಒಪ್ಪಿಸಿದ ವಿಷಯವಲ್ಲ; ಅವನ್ನು ಕಾನೂನಿನಲ್ಲಿಯೇ ಬರೆದಿಟ್ಟಿದೆ. ಅದನ್ನು ಅಳಿಸಬೇಕಾದರೆ ಪಾರ್ಲಿಮೆಂಟಿನಲ್ಲಿ ಯಾರಾದರೂ ಹೊಸದಾಗಿ ಮಸೂದೆಯನ್ನು ತರಬೇಕು. ಹಳಬರಿಗಾಗಿ ಸಹಿಹಾಕಿದ ಆ 120 ಮಂದಿಯಲ್ಲಿ ಹೊಸಬರಿಗಾಗಿ ಎಷ್ಟು ಮಂದಿ ಸಹಿಹಾಕುವರು ಎಂಬುದನ್ನು ಅವರ ಮತದಾರರು ಕೇಳಬೇಕು.